ಬಗ್ ವರದಿ ತಿದ್ದುವವರಿಲ್ಲದ ತರಬೇತಿ

‘ಮ್ಯಾನ್ಯುಯಲ್ ಟೆಸ್ಟಿಂಗ್ ಮುಗೀತು, ಟೂಲ್ ಕಲೀರಿ’ ಎಂಬ ಮಾತನ್ನು ನಮ್ಮ ಸಾಫ್ಟ್‌ವೇರ್ ಟೆಸ್ಟಿಂಗ್ ವೃತ್ತಿಯಲ್ಲಿ ಎರಡು ದಶಕಗಳಿಂದ ಕೇಳುತ್ತಿದ್ದೇವೆ. ಬದಲಾಗುವುದು ಟೂಲಿನ ಹೆಸರು ಮಾತ್ರ. ವಿನ್‌ರನ್ನರ್ ಹೋಗಿ ಕ್ಯೂಟಿಪಿ ಬಂತು, ಆಮೇಲೆ ಸೆಲೆನಿಯಂ, ಈಗ ಪ್ಲೇರೈಟ್. ಅದರ ಬೆನ್ನಿಗೇ ಎಐ. ಏನು ಕಲಿಯಬೇಕೆಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ಟೆಸ್ಟಿಂಗ್ ಸರ್ಟಿಫಿಕೇಟುಗಳ ಹಿಂದೆ ದೊಡ್ಡ ಜಗಳವೇ ನಡೆದಿದೆಯೆಂದು ಯಾರೂ ಹೇಳಿರುವುದಿಲ್ಲ.

ಟೆಸ್ಟಿಂಗ್ ಮಾಡುವುದು ತಪ್ಪು ಹುಡುಕಲಿಕ್ಕೆ, ಪ್ರೋಗ್ರಾಂ ಸರಿಯಿದೆಯೆಂದು ತೋರಿಸಲಿಕ್ಕಲ್ಲ ಎಂದು ಗ್ಲೆನ್‌ಫೋರ್ಡ್ ಮೈಯರ್ಸ್ 1979ರಲ್ಲೇ ಬರೆದರು. ಆ ಕೆಲಸಕ್ಕೆ ಸರ್ಟಿಫಿಕೇಟು ಕೊಡುವ ಪರೀಕ್ಷೆಗಳು ಬಂದದ್ದು ಆಮೇಲೆ. ಅಮೆರಿಕದ ಕ್ಯೂಎಐ ಸಂಸ್ಥೆ ಸಿಎಸ್‌ಟಿಇ ಪರೀಕ್ಷೆ ತಂದಿತು. ಬ್ರಿಟನ್ನಿನಲ್ಲಿ 1998ರಲ್ಲಿ ಐಎಸ್‌ಇಬಿಯ ಫೌಂಡೇಶನ್ ಪರೀಕ್ಷೆ ಶುರುವಾಯಿತು. 2002ರಲ್ಲಿ ಎಡಿನ್‌ಬರೋದಲ್ಲಿ ಐಎಸ್‌ಟಿಕ್ಯೂಬಿ ಎಂಬ ಅಂತರರಾಷ್ಟ್ರೀಯ ಮಂಡಳಿ ಹುಟ್ಟಿದ ಮೇಲೆ ಉಳಿದವೆಲ್ಲ ಮೆಲ್ಲಗೆ ಬದಿಗೆ ಸರಿದವು. ಅದರ ಫೌಂಡೇಶನ್ ಪರೀಕ್ಷೆ 40 ಪ್ರಶ್ನೆಗಳದು, ಒಂದು ಗಂಟೆಯದು. 26 ಸರಿಯಾದರೆ ಪಾಸು. ಪರೀಕ್ಷೆಯ ಭಾಷೆ ತಾಯ್ನುಡಿಯಲ್ಲದವರಿಗೆ ಇನ್ನೂ ಕಾಲು ಗಂಟೆ ಸಿಗುತ್ತದೆ. ಸಿಲಬಸ್ ಪುಕ್ಕಟೆ ಸಿಗುತ್ತದೆ, ಓದಿಕೊಂಡೇ ಬರೆಯಬಹುದು, ಒಮ್ಮೆ ಪಡೆದರೆ ನವೀಕರಿಸುವ ತಾಪತ್ರಯವಿಲ್ಲ. ಸರ್ವೀಸ್ ಕಂಪನಿಗೆ ಹೋಗುವ ಹೊಸಬರು ಇದನ್ನು ಮಾಡಿಕೊಳ್ಳಲಿ. ತಂಡದಲ್ಲಿ ಎಷ್ಟು ಮಂದಿ ಸರ್ಟಿಫೈಡ್ ಎಂದು ಕ್ಲೈಂಟ್ ಕೇಳುವ ಪದ್ಧತಿ ಇನ್ನೂ ಹೋಗಿಲ್ಲ. ಆದರೆ ನಾಲ್ಕರಲ್ಲಿ ಒಂದು ಉತ್ತರ ಆರಿಸಿದವರಿಗೆ ಒಂದು ಬಗ್ಗನ್ನು ಡೆವಲಪರ್ ಒಪ್ಪುವ ಹಾಗೆ ಬರೆಯಲು ಬರುತ್ತದೆಯೇ ಎಂಬುದನ್ನು ಆ ಪರೀಕ್ಷೆ ಕೇಳುವುದೇ ಇಲ್ಲ.

ಇದನ್ನೇ ಹಿಡಿದು ಎದುರು ನಿಂತವರು ಟೆಸ್ಟಿಂಗ್ ತಜ್ಞರಾದ ಸೆಮ್ ಕೇನರ್, ಜೇಮ್ಸ್ ಬಾಕ್ ಮತ್ತು ಅವರ ಸಂಗಡಿಗರು. ಕೇನರ್ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಕಾನೂನನ್ನೂ ಓದಿದವರು. ಟೆಸ್ಟಿಂಗನ್ನು ಸಾಕ್ಷ್ಯ ಕಲೆಹಾಕಿ ವಾದಿಸುವ ಕೆಲಸವಾಗಿ ಕಂಡದ್ದು ಸಹಜವೇ. ಅವರ ಬಿಬಿಎಸ್‌ಟಿ ಕೋರ್ಸಿನ ‘ಬಗ್ ಅಡ್ವೊಕಸಿ’ ಭಾಗದಲ್ಲಿ ಬಗ್ ವರದಿಗಳನ್ನು ಹಿಡಿದೇ ಅಭ್ಯಾಸ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಪ್ರಶ್ನಿಸುತ್ತಾರೆ. ನಮ್ಮ ಪೀಳಿಗೆಗೆ ಕಣ್ಣು ತೆರೆಸಿದ್ದು ಆ ಕೋರ್ಸಿನ ವಿಡಿಯೋಗಳು. 2014ರಲ್ಲಿ ಟೆಸ್ಟಿಂಗಿನ ಐಎಸ್‌ಒ 29119 ಮಾನದಂಡದ ವಿರುದ್ಧ ಸಹಿ ಸಂಗ್ರಹಕ್ಕೆ ಇಳಿದದ್ದೂ ಈ ಬಣವೇ. ಮಾನದಂಡ ಉಳಿಯಿತು, ಜಗಳವೂ ಉಳಿಯಿತು. (ಬಿಬಿಎಸ್‌ಟಿ ಎಂದರೆ ಬಹುಪಾಲು ಎಚ್‌ಆರ್‌ಗಳಿಗೆ ಈಗಲೂ ಗೊತ್ತಿಲ್ಲ. ಅದನ್ನು ತಿಳಿಸಿ ಹೇಳುವ ವ್ಯವಧಾನ ನಮ್ಮ ಬಣಕ್ಕೂ ಇರಲಿಲ್ಲವೆನ್ನಿ.)

ಬೆಂಗಳೂರಿನ ಪಾಲನ್ನು ಇಲ್ಲಿ ಹೇಳಲೇಬೇಕು. 2009ರಲ್ಲಿ ಇಲ್ಲಿನ ಕೆಲವು ಟೆಸ್ಟರುಗಳು ‘ವೀಕೆಂಡ್ ಟೆಸ್ಟಿಂಗ್’ ಆರಂಭಿಸಿದರು. ಶುಲ್ಕವಿರಲಿಲ್ಲ, ಸರ್ಟಿಫಿಕೇಟಿರಲಿಲ್ಲ. ರಜಾದಿನ ಸ್ಕೈಪಿನಲ್ಲಿ ಸೇರಿ, ಒಂದು ಸಾಫ್ಟ್‌ವೇರ್ ಹಿಡಿದು ಕೈಯಾರೆ ಟೆಸ್ಟ್ ಮಾಡಿ, ಕೊನೆಗೆ ಏನು ಕಂಡೆ, ಯಾಕೆ ಹಾಗೆ ಹುಡುಕಿದೆ ಎಂದು ಎಲ್ಲರ ಮುಂದೆ ಹೇಳಬೇಕಿತ್ತು. ಅದು ಯುರೋಪು, ಅಮೆರಿಕ, ಆಸ್ಟ್ರೇಲಿಯಕ್ಕೂ ಹಬ್ಬಿತು. ಹೊರಗಿಂದ ತಂದದ್ದನ್ನೇ ಮಾರುವ ನಮ್ಮ ತರಬೇತಿ ಬಜಾರಿನಲ್ಲಿ ಇದು ಅಪರೂಪ. ಅದೇ ಊರಿನ ಬಿಟಿಎಂ ಲೇಔಟು, ಮಾರತ್ತಹಳ್ಳಿಯ ಗೋಡೆಗಳ ಮೇಲೆ ಪ್ಲೇಸ್‌ಮೆಂಟ್ ಭರವಸೆಯ ಬೋರ್ಡುಗಳೇ ಹೆಚ್ಚು. ಅಲ್ಲಿ ಜಾವಾ, ಸೆಲೆನಿಯಂ ಜೊತೆಗೆ ಇಂಟರ್‌ವ್ಯೂ ಉತ್ತರಗಳನ್ನೂ ಬಾಯಿಪಾಠ ಮಾಡಿಸುತ್ತಾರೆ. ಕೆಲಸ ಸಿಗುವುದೂ ಉಂಟು, ಅಲ್ಲಗಳೆಯಲಾರೆ. ಆದರೆ ಅಲ್ಲಿ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ನಾನು ಬರೆದ ಬಗ್ ವರದಿಯನ್ನು ಓದಿ ತಿದ್ದುವವರು ಯಾರು?

ಇನ್ನು ಯಾರೂ ಮುಟ್ಟದ ವಿಷಯವೊಂದಿದೆ: ಕನ್ನಡ. ಮಿತಿಯ ಅಂಚಿನ ಬೆಲೆಗಳನ್ನು ಹಿಡಿದು ಪರೀಕ್ಷಿಸುವ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಫೌಂಡೇಶನ್ನಿನ ಪಾಠಗಳಲ್ಲೊಂದು. ಎಲ್ಲ ಕಡೆ ಅದನ್ನು ಹೇಳಿಕೊಡುವುದು 18ರಿಂದ 60ರ ವಯಸ್ಸಿನ ಉದಾಹರಣೆಯಲ್ಲೇ. ಹೆಸರಿನ ಜಾಗಕ್ಕೆ ಹತ್ತು ಅಕ್ಷರದ ಮಿತಿಯಿದ್ದರೆ ಕನ್ನಡದಲ್ಲಿ ಅಂಚು ಎಲ್ಲಿ? ‘ಸ್ತ್ರೀ’ ನಮಗೆ ಒಂದಕ್ಷರ, ಯುನಿಕೋಡಿಗೆ ಆರು. ‘ರ‍್ಯಾಂಕ್’ ಎಂದು ಸರಿಯಾಗಿ ಮೂಡಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಒಬ್ಬರು ಅದನ್ನಿಟ್ಟು, ಇನ್ನೊಬ್ಬರು ಬಿಟ್ಟು ಟೈಪಿಸಿದರೆ ಹುಡುಕಾಟ ತಪ್ಪಬಹುದು. ಸರ್ಕಾರಿ ಪೋರ್ಟಲ್ಲುಗಳು, ಬ್ಯಾಂಕಿನ ಆ್ಯಪ್‌ಗಳು ಕನ್ನಡದಲ್ಲಿ ಬರತೊಡಗಿ ಕಾಲವಾಯಿತು. ಇವನ್ನು ಟೆಸ್ಟ್ ಮಾಡುವುದನ್ನು ಕಲಿಸುವ ಒಂದು ಕೋರ್ಸನ್ನೂ ನಾನು ಈವರೆಗೆ ಕಂಡಿಲ್ಲ, ಟೆಸ್ಟರುಗಳು ಇಷ್ಟೊಂದು ಮಂದಿ ಇರುವ ಬೆಂಗಳೂರಿನಲ್ಲೂ.