ಧ್ವನಿ ಡ್ರೈವರಿನ ಬಫರ್ ಲೆಕ್ಕ: ಒಂದು ಗುಣಾಕಾರದ ಚರಿತ್ರೆ

ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ಹಾಡು ಕೇಳಿಸಬೇಕಾದರೆ, ಕಾರ್ಯಾಚರಣ ವ್ಯವಸ್ಥೆಗೂ ಧ್ವನಿಯ ಚಿಪ್ಪಿಗೂ ನಡುವೆ ನಿಂತು ವ್ಯವಹಾರ ನಡೆಸುವ ಡ್ರೈವರ್ ಎಂಬ ತಂತ್ರಾಂಶ ಬೇಕಾಗುತ್ತದೆ. ಪ್ರೊಸೆಸರು ತನಗೆ ಬಿಡುವಾದಾಗ ಮಾತ್ರ ಧ್ವನಿಯ ದತ್ತಾಂಶವನ್ನು ತುಂಬಿಕೊಡಬಲ್ಲದು, ಚಿಪ್ಪಾದರೋ ಅದನ್ನು ಎಡೆಬಿಡದೆ ಒಂದೇ ವೇಗದಲ್ಲಿ ಹೀರುತ್ತಿರುತ್ತದೆ. ಆದುದರಿಂದ, ಮಳೆ ಬಿಟ್ಟುಬಿಟ್ಟು ಬಂದರೂ ತೂಬಿನಲ್ಲಿ ನೀರು ಒಂದೇ ಸಮನೆ ಹರಿಯುವಂತೆ ಕಾಯುವ ಹಳೇಬೀಡಿನ ಕೆರೆಯ ಹಾಗೆ, ಇವೆರಡರ ನಡುವೆ ಬಫರ್ ಎಂಬ ಮೆಮೊರಿಯ ಭಾಗವನ್ನು ಮೀಸಲಿಡಲಾಗುತ್ತದೆ. ಅದು ಕಿರಿದಾದರೆ ಹಾಡು ತುಂಡುತುಂಡಾಗುತ್ತದೆ, ಹಿರಿದಾದರೆ ಧ್ವನಿ ತಡವಾಗಿ ಹೊರಡುತ್ತದೆ.

ಲೆಕ್ಕವೇನೋ ಶಾಲೆಯ ಮಗ್ಗಿಯಷ್ಟರದೇ. ಸೆಕೆಂಡಿಗೆ 48,000 ಮಾದರಿಗಳು, ಎಡಬಲಕ್ಕೆ ಎರಡು ವಾಹಿನಿಗಳು, ಪ್ರತಿ ಮಾದರಿಗೆ 2 ಬೈಟುಗಳು ಎಂದಾದರೆ ಒಂದು ಕ್ಷಣದ ಎರಡೂ ಮಾದರಿಗಳು ಸೇರಿದ 4 ಬೈಟುಗಳ ಗುಂಪು ಒಂದು ಫ್ರೇಮ್ ಆಗುತ್ತದೆ, ಸೆಕೆಂಡಿಗೆ 1,92,000 ಬೈಟುಗಳು ಬೇಕಾಗುತ್ತವೆ. ಚಿಪ್ಪು ಎಷ್ಟು ಫ್ರೇಮುಗಳನ್ನು ನುಡಿಸಿದ ಮೇಲೆ ಪ್ರೊಸೆಸರನ್ನು ಎಚ್ಚರಿಸುತ್ತದೆಯೋ ಆ ಕಂತಿಗೆ ಪೀರಿಯಡ್ ಎಂದು ಹೆಸರು. 1,024 ಫ್ರೇಮುಗಳ ನಾಲ್ಕು ಪೀರಿಯಡುಗಳೆಂದರೆ 16,384 ಬೈಟುಗಳು, ಸುಮಾರು 85 ಮಿಲಿಸೆಕೆಂಡುಗಳ ಧ್ವನಿ.

ಫಿನ್ಲೆಂಡಿನ ಹನ್ನು ಸಾವೊಲೈನೆನ್ 1992ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡಿಗಾಗಿ ಲಿನಕ್ಸಿನ ಡ್ರೈವರನ್ನು ಬರೆದರು. ಅದರಿಂದ ಬೆಳೆದ ಓಪನ್ ಸೌಂಡ್ ಸಿಸ್ಟಮ್‌ನಲ್ಲಿ ಕಂತಿನ ಅಳತೆ ಎರಡರ ಘಾತವೇ ಆಗಿರಬೇಕಿತ್ತು. 32 ಬಿಟ್‌ಗಳ ಒಂದೇ ಸಂಖ್ಯೆಯ ಕೆಳಗಿನ ಅರ್ಧದಲ್ಲಿ ಘಾತಾಂಕವನ್ನೂ ಮೇಲಿನ ಅರ್ಧದಲ್ಲಿ ಕಂತುಗಳ ಎಣಿಕೆಯನ್ನೂ ತುರುಕಲಾಗುತ್ತಿತ್ತು. ಯಂತ್ರಕ್ಕೆ ಇದು ಸಲೀಸಾಗಿದ್ದರೂ ಮನುಷ್ಯನಿಗೆ ಇಕ್ಕಟ್ಟು: 25 ಮಿಲಿಸೆಕೆಂಡಿಗೆ ಸರಿಹೋಗುವ 4,800 ಬೈಟುಗಳ ಕಂತು ಬೇಕೆಂದವರು 4,096ಕ್ಕೋ 8,192ಕ್ಕೋ ಒಪ್ಪಿಕೊಳ್ಳಬೇಕಿತ್ತು. ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಆರಂಭಿಸಿದ, 2003ರ ಡಿಸೆಂಬರಿನ ಲಿನಕ್ಸ್ 2.6ರೊಂದಿಗೆ ಎಲ್ಲರ ಕೈಸೇರಿದ ಆಲ್ಸಾ ವ್ಯವಸ್ಥೆ ಈ ಕಟ್ಟನ್ನು ಬಿಚ್ಚಿ, ಲೆಕ್ಕವನ್ನು ಫ್ರೇಮುಗಳಲ್ಲಿ ನಡೆಸಿ, ಫ್ರೇಮನ್ನು ಬೈಟಿಗೆ ತಿರುಗಿಸುವ ಕೆಲಸವನ್ನು ತನ್ನ ತಿರುಳಿನ ಕಿರು ಕಾರ್ಯಗಳಿಗೆ ವಹಿಸಿತು. ಡ್ರೈವರಿನ ಲೆಕ್ಕ ನಿಜವಾಗಿ ಹಗುರಾದದ್ದು ಇಲ್ಲಿಂದಲೇ ಎನ್ನಬೇಕು.

ಈ ಚರಿತ್ರೆಯೊಳಗೆ ಬೆಂಗಳೂರು ಬರುವುದು 2011ರಲ್ಲಿ. ಅಲ್ಲಿನ ಇಂಟೆಲ್ ಎಂಜಿನಿಯರ್ ವಿನೋದ್ ಕೌಲ್, ಸಹೋದ್ಯೋಗಿ ಪಿಯರ್-ಲೂಯಿ ಬೊಸಾರ್ ಜೊತೆಗೂಡಿ, ಎಂಪಿ3ಯಂಥ ಅಡಕಗೊಳಿಸಿದ ಧ್ವನಿಯನ್ನು ಬಿಡಿಸದೆ ನೇರವಾಗಿ ಧ್ವನಿ ಸಂಸ್ಕಾರಕಕ್ಕೆ ಒಪ್ಪಿಸುವ ವ್ಯವಸ್ಥೆಯನ್ನು ಆಲ್ಸಾಕ್ಕೆ ರೂಪಿಸಿದರು. ಮುಖ್ಯ ಪ್ರೊಸೆಸರು ಮಲಗಿರುವಾಗಲೂ ಹಾಡು ಸಾಗುವುದರಿಂದ ಬ್ಯಾಟರಿ ಉಳಿಯುತ್ತದೆ, ಕರೆಂಟು ಹೋಗಿಬಂದು ಮಾಡುವ ಊರುಗಳಲ್ಲಿ ಫೋನು ಹಿಡಿದವರಿಗೆ ಇದು ಸಣ್ಣ ಲಾಭವಲ್ಲ. ಅಡಕಗೊಳಿಸಿದ ಧ್ವನಿಯಲ್ಲಿ ಇಷ್ಟು ಬೈಟಿಗೆ ಇಷ್ಟು ಹೊತ್ತು ಎಂಬ ನಿಯಮ ನಿಲ್ಲದ ಕಾರಣ, ಬಫರಿನ ಅಳತೆಯೆಂದರೆ ಕಂತಿನ ಬೈಟುಗಳನ್ನು ಕಂತುಗಳ ಎಣಿಕೆಯಿಂದ ಗುಣಿಸಿದ ಮೊತ್ತ, ಅಷ್ಟೆ.

ಇಷ್ಟು ಸರಳವಾದ ಲೆಕ್ಕದಲ್ಲೇ ತೊಡಕು ಅಡಗಿತ್ತು. ಎರಡೂ ಸಂಖ್ಯೆಗಳು ಬಳಕೆದಾರನ ತಂತ್ರಾಂಶದಿಂದ ಬರುತ್ತವೆ. 65,536 ಬೈಟುಗಳ 65,537 ಕಂತುಗಳನ್ನು ಕೇಳಿದರೆ ಗುಣಲಬ್ಧ 32 ಬಿಟ್‌ಗಳನ್ನು ಮೀರಿ, ಉಕ್ಕಿದ ಭಾಗ ಕಳಚಿ, 65,536 ಮಾತ್ರ ಉಳಿಯುತ್ತದೆ, ಅಂದರೆ ನೂರಾರು ಕೋಟಿ ಬೈಟುಗಳೆಂದು ನಂಬಿದ ಕಡೆ ಒಂದೇ ಕಂತಿನ ಜಾಗ ಸಿಗುತ್ತದೆ. 2012ರಲ್ಲಿ ಲಿನಕ್ಸ್ ಡೆವಲಪರ್ ಡ್ಯಾನ್ ಕಾರ್ಪೆಂಟರ್, ಗುಣಿಸುವ ಮೊದಲೇ ಗರಿಷ್ಠ ಮಿತಿಯನ್ನು ಕಂತಿನ ಅಳತೆಯಿಂದ ಭಾಗಿಸಿ ನೋಡುವ ತಪಾಸಣೆಯನ್ನು ಸೇರಿಸಿದರು. ಆದರೆ 64 ಬಿಟ್ ಯಂತ್ರಗಳಲ್ಲಿ ಆ ಮಿತಿ ತೀರಾ ದೊಡ್ಡದಾಗಿ, ಉತ್ತರವನ್ನು ಇಡುವ ಪಾತ್ರೆ ಮಾತ್ರ 32 ಬಿಟ್‌ನದೇ ಆಗಿ ಉಳಿದದ್ದರಿಂದ, 2014ರಲ್ಲಿ ಅವರೇ ಮಿತಿಯನ್ನು ಇಳಿಸಿ ತಿದ್ದಬೇಕಾಯಿತು.

2020ರ ಜನವರಿಯಲ್ಲಿ ಬಂದ ಲಿನಕ್ಸ್ 5.5ರಲ್ಲಿ, ಆಲ್ಸಾದ ನಿರ್ವಾಹಕ ಟಕಾಶಿ ಇವಾಯ್ ಸಾಮಾನ್ಯ ಧ್ವನಿಯ ಬಫರುಗಳ ಹಂಚಿಕೆಯನ್ನೂ ಬಿಡುಗಡೆಯನ್ನೂ ತಿರುಳಿಗೇ ಒಪ್ಪಿಸುವ ಏರ್ಪಾಡು ಮಾಡಿದರು. ಅಲ್ಲಿಂದ ಮುಂದೆ ಅನೇಕ ಡ್ರೈವರುಗಳಿಂದ ಆ ಕೆಲಸದ ಸಾಲುಗಳನ್ನೇ ಅಳಿಸಿಹಾಕಲಾಯಿತು.