ಹಳೆಯ ಮರದ ಪೀಠೋಪಕರಣಗಳನ್ನು ಮನೆಯಲ್ಲಿಯೇ ನವೀಕರಿಸುವುದು ಮತ್ತು ಬಣ್ಣ ಬಳಿಯುವುದು

ಕರ್ನಾಟಕದ ಹಳೆಯ ಮನೆಗಳಲ್ಲಿ ಸಾಗುವಾನಿ, ಬೀಟೆ, ಹಲಸು, ಹೊನ್ನೆ ಮುಂತಾದ ಮರಗಳಿಂದ ತಯಾರಿಸಿದ ಮಂಚ, ಕುರ್ಚಿ, ಪೆಟ್ಟಿಗೆ ಹಾಗೂ ತೊಟ್ಟಿಲುಗಳು ಇಂದಿಗೂ ಬಳಕೆಯಲ್ಲಿವೆ. ಇವುಗಳ ಮೇಲ್ಮೈ ಕಳೆಗುಂದಿದ್ದರೂ ಒಳಗಿನ ಮರವು ದೃಢವಾಗಿರುವುದು ಸಾಮಾನ್ಯ. ತಾಳ್ಮೆಯಿದ್ದಲ್ಲಿ ಅಲ್ಪ ವೆಚ್ಚದಲ್ಲಿ ಇವುಗಳನ್ನು ಮನೆಯಲ್ಲಿಯೇ ನವೀಕರಿಸಬಹುದಾಗಿದೆ. ಆದರೆ ಹಳೆಯ ಬಣ್ಣವನ್ನು ತೆಗೆಯುವ ಹಂತದಲ್ಲಿ ಆರೋಗ್ಯಕ್ಕೆ ಗಂಭೀರ ಅಪಾಯವಿರುವುದರಿಂದ ಸಾರ್ವಜನಿಕರು ಈ ಕೆಳಗಿನ ಮಾಹಿತಿಯನ್ನು ಗಮನಿಸುವುದು ಅಗತ್ಯ.

ಮೇಲ್ಮೈಯನ್ನು ಗುರುತಿಸುವುದು

ಕಣ್ಣಿಗೆ ಕಾಣದ ಒಂದು ಮೂಲೆಯಲ್ಲಿ ಹತ್ತಿಯಿಂದ ಸ್ವಲ್ಪ ಸ್ಪಿರಿಟ್ ಹಚ್ಚಿ ನೋಡಬೇಕು. ಲೇಪನವು ಅಂಟಂಟಾಗಿ ಕರಗಿದಲ್ಲಿ ಅದು ಅರಗಿನಿಂದ ತಯಾರಿಸಿದ ಫ್ರೆಂಚ್ ಪಾಲಿಷ್ ಆಗಿರುತ್ತದೆ. ಇಂತಹ ಲೇಪನವನ್ನು ಪೂರ್ಣವಾಗಿ ತೆಗೆಯುವ ಅಗತ್ಯವಿಲ್ಲ. ಧೂಳು, ಜಿಡ್ಡುಗಳನ್ನು ಒರೆಸಿ, ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ ಹೊಸ ಪಾಲಿಷ್ ನೀಡಬಹುದು. ಸ್ಪಿರಿಟ್‌ಗೆ ಕರಗದೆ ಉಳಿದಲ್ಲಿ ಅದು ಬಹುಮಟ್ಟಿಗೆ ವಾರ್ನಿಷ್ ಅಥವಾ ಎನಾಮೆಲ್ ಬಣ್ಣವಾಗಿರುತ್ತದೆ.

ಬೀಟೆ ಮರದ ಮೇಲೆ ಎನಾಮೆಲ್ ಬಳಿಯುವುದು ಆ ಮರಕ್ಕೆ ಮಾಡುವ ಅನ್ಯಾಯವೆಂದೇ ಹೇಳಬೇಕು. ಮೈಸೂರಿನ ಕುಸುರಿ ಕೆಲಸವಿರುವ ಪೀಠೋಪಕರಣಗಳನ್ನು ಮನೆಯಲ್ಲಿ ಉಜ್ಜದೆ, ಆ ಕಸುಬನ್ನು ಬಲ್ಲವರಿಗೆ ಒಪ್ಪಿಸುವುದು ಸೂಕ್ತ.

ಹಳೆಯ ಬಣ್ಣದಲ್ಲಿರುವ ಸೀಸ

ಮಗಳು ಹೆರಿಗೆಗಾಗಿ ತವರುಮನೆಗೆ ಬಂದಾಗ ಅಟ್ಟದಲ್ಲಿರುವ ತೊಟ್ಟಿಲನ್ನು ಇಳಿಸಿ, ಹಳೆಯ ಬಣ್ಣವನ್ನು ಉಜ್ಜಿ ಹೊಸ ಬಣ್ಣ ಬಳಿಯುವ ರೂಢಿ ಹಲವು ಕುಟುಂಬಗಳಲ್ಲಿದೆ. ಅಂದರೆ ಮನೆಯಲ್ಲಿ ಗರ್ಭಿಣಿ ಇರುವ ಸಮಯದಲ್ಲಿಯೇ ಬಣ್ಣದ ಧೂಳು ಏಳುತ್ತದೆ. ಹಿಂದಿನ ಎನಾಮೆಲ್ ಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕೆಂಪು ಮತ್ತು ಕಿತ್ತಳೆ ವರ್ಣಗಳಲ್ಲಿ, ಸೀಸದ ಸಂಯುಕ್ತಗಳು ಬಳಕೆಯಲ್ಲಿದ್ದವು. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ನಿಯಮಗಳ ಮೂಲಕ ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಗಳಿಗೆ 90 ಭಾಗಗಳಿಗೆ ಮಿತಿಗೊಳಿಸಿದೆ. ಆದುದರಿಂದ ಅದಕ್ಕೂ ಹಿಂದೆ ಬಣ್ಣ ಬಳಿದ ಯಾವುದೇ ವಸ್ತುವಿನಲ್ಲಿ ಸೀಸವಿದೆಯೆಂದೇ ಭಾವಿಸಿ ಕೆಲಸ ಮಾಡತಕ್ಕದ್ದು. ಕಣ್ಣಿನಿಂದಾಗಲಿ ವಾಸನೆಯಿಂದಾಗಲಿ ಇದನ್ನು ತಿಳಿಯಲಾಗದು. ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತದೆ.

ಸೀಸವು ಗರ್ಭಿಣಿಯ ರಕ್ತದಿಂದ ಶಿಶುವಿಗೆ ಸಾಗುತ್ತದೆ. ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾಗೂ ಕಲಿಕೆಗೆ ಇದು ಹಾನಿಕಾರಕ. ಯಾವ ಪ್ರಮಾಣದವರೆಗೆ ಸುರಕ್ಷಿತ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಆರಂಭದಲ್ಲಿ ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು.

ಈ ಕಾರಣಗಳಿಂದ ಗರ್ಭಿಣಿಯರು ಮತ್ತು ಮಕ್ಕಳು ಕೆಲಸದ ಸ್ಥಳದಿಂದ ದೂರವಿರಬೇಕು. ಕೆಲಸವನ್ನು ಮನೆಯ ಹೊರಗೆ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಮಾಡಬೇಕು. ಒಣ ಉಪ್ಪುಕಾಗದದಿಂದಾಗಲಿ ಯಂತ್ರದಿಂದಾಗಲಿ ಉಜ್ಜಬಾರದು. ಮೇಲ್ಮೈಯನ್ನು ನೀರಿನಿಂದ ಒದ್ದೆ ಮಾಡಿ, ನೀರು ತಡೆಯುವ ಉಪ್ಪುಕಾಗದವನ್ನು ಬಳಸಬೇಕು. ಬ್ಲೋ ಲ್ಯಾಂಪ್‌ನಿಂದ ಬಣ್ಣವನ್ನು ಸುಡುವುದು ಅತ್ಯಂತ ಅಪಾಯಕಾರಿ. ಸೀಸವು ಹೊಗೆಯ ರೂಪದಲ್ಲಿ ನೇರವಾಗಿ ಶ್ವಾಸಕೋಶವನ್ನು ಸೇರುತ್ತದೆ. ಎನ್-95 ಮುಖಗವಸು ಧರಿಸಬೇಕು. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕೆಲಸ ಮುಗಿದ ನಂತರ ಕಸಬರಿಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಉಟ್ಟ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಬೇಕು. ಬಣ್ಣದ ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯವೆಂದು ತಿಳಿಸಿ ಸ್ಥಳೀಯ ಸಂಸ್ಥೆಯ ಸಿಬ್ಬಂದಿಗೆ ನೀಡಬೇಕೇ ಹೊರತು ಹಿತ್ತಲಿನ ಮಣ್ಣಿಗೆ ಸುರಿಯಬಾರದು.

ಅಂಗಡಿಗಳಲ್ಲಿ ದೊರೆಯುವ ಕೆಲವು ಪೇಂಟ್ ರಿಮೂವರ್‌ಗಳಲ್ಲಿ ಡೈಕ್ಲೋರೋಮೀಥೇನ್ ಇರುತ್ತದೆ. ಇದರ ಆವಿ ಗಾಳಿಗಿಂತ ಭಾರವಾಗಿದ್ದು, ಮುಚ್ಚಿದ ಕೋಣೆ ಅಥವಾ ಬಚ್ಚಲಿನಲ್ಲಿ ಬಳಸಿದಲ್ಲಿ ಪ್ರಜ್ಞೆ ತಪ್ಪಿ ಪ್ರಾಣಾಪಾಯ ಸಂಭವಿಸಬಹುದು.

ಬಣ್ಣ ಎಲ್ಲಿಯೂ ಏಳದೆ ಗಟ್ಟಿಯಾಗಿದ್ದಲ್ಲಿ ತೊಳೆದು, ಒದ್ದೆಯಲ್ಲಿಯೇ ಹಗುರವಾಗಿ ಉಜ್ಜಿ ಮೇಲೆ ಹೊಸ ಬಣ್ಣ ನೀಡುವುದು ಹೆಚ್ಚು ಸುರಕ್ಷಿತ. ತೊಟ್ಟಿಲಿಗೆ ಮಾತ್ರ ಇದು ಅನ್ವಯಿಸದು. ಹಲ್ಲು ಬರುವ ವಯಸ್ಸಿನ ಮಗು ಅಂಚುಗಳನ್ನು ಕಚ್ಚುವುದರಿಂದ ಒಳಗಿನ ಹಳೆಯ ಬಣ್ಣವೂ ಬಾಯಿಗೆ ಹೋಗುತ್ತದೆ. ಪೂರ್ಣವಾಗಿ ತೆಗೆಯಲು ಸಾಧ್ಯವಾಗದಿದ್ದಲ್ಲಿ ಅಂತಹ ತೊಟ್ಟಿಲನ್ನು ಬಳಸದಿರುವುದೇ ಲೇಸು. ಮಗುವಿನ ಬಾಯಿಗೆ ಹಳೆಯ ಬಣ್ಣ ಹೋಗಿರುವ ಸಂಶಯವಿದ್ದಲ್ಲಿ ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಬೇಕು.

ದುರಸ್ತಿ ಮತ್ತು ಲೇಪನ

ಸಣ್ಣ ರಂಧ್ರಗಳಿಂದ ಹಿಟ್ಟಿನಂತಹ ಪುಡಿ ಹೊಸದಾಗಿ ಉದುರುತ್ತಿದ್ದಲ್ಲಿ ಮರಕೊರಕ ಹುಳುಗಳು ಜೀವಂತವಾಗಿವೆಯೆಂದು ತಿಳಿದು ಮೊದಲು ಅದಕ್ಕೆ ಪರಿಹಾರ ಮಾಡಿಕೊಳ್ಳಬೇಕು. ಬಣ್ಣ ತೆಗೆದ ಮರವು ಚೆನ್ನಾಗಿ ಒಣಗಿದ ಮೇಲೆ 120, ನಂತರ 220 ಸಂಖ್ಯೆಯ ಉಪ್ಪುಕಾಗದದಿಂದ ಮರದ ಎಳೆಯ ದಿಕ್ಕಿನಲ್ಲಿಯೇ ಉಜ್ಜಬೇಕು. ಅಡ್ಡವಾಗಿ ಉಜ್ಜಿದ ಗೀರುಗಳು ಪಾಲಿಷ್ ಹಚ್ಚಿದ ಮೇಲೆ ಎದ್ದು ಕಾಣುತ್ತವೆ.

ಫ್ರೆಂಚ್ ಪಾಲಿಷ್‌ಗೆ ಒಂದು ಲೀಟರ್ ಸ್ಪಿರಿಟ್‌ನಲ್ಲಿ ಸುಮಾರು 150 ಗ್ರಾಂ ಅರಗಿನ ಚಕ್ಕೆಗಳನ್ನು ಹಿಂದಿನ ದಿನವೇ ನೆನೆಸಿ, ಸೋಸಿಕೊಂಡು, ಹತ್ತಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ತೆಳುವಾಗಿ ಹಲವು ಬಾರಿ ಹಚ್ಚಬೇಕು. ಮಳೆಗಾಲದ ತೇವದಲ್ಲಿ ಇದು ಬೆಳ್ಳಗಾಗುವುದರಿಂದ ಮಲೆನಾಡು, ಕರಾವಳಿಗಳಲ್ಲಿ ಬೇಸಿಗೆಯವರೆಗೆ ಕಾಯುವುದು ಒಳಿತು. ಎನಾಮೆಲ್ ಬಳಿಯುವುದಾದಲ್ಲಿ ಪ್ರೈಮರ್‌ನ ನಂತರ ಎರಡು ತೆಳು ಲೇಪನ ಸಾಕು; ಖರೀದಿಸುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣದ ಬಗ್ಗೆ ಮುದ್ರಿತವಾಗಿರುವುದನ್ನು ಓದಿಕೊಳ್ಳಬೇಕು.

ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದಲ್ಲಿ ತಾವಾಗಿಯೇ ಕಾವೇರಿ ಬೆಂಕಿ ಹೊತ್ತಿಕೊಳ್ಳಬಹುದು. ಅವುಗಳನ್ನು ನೀರಿನಲ್ಲಿ ನೆನೆಸಿಡಬೇಕು ಅಥವಾ ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು.