ನಾಯಿಯ ಗಡ್ಡೆ, ನಾಯಿಗಾಗಿ ಮದ್ದು

ನಾಯಿಯ ಚರ್ಮದ ಗಡ್ಡೆಗೆ ಹೊಸ ಔಷಧವೊಂದರ ಪ್ರಯೋಗ ನಡೆದರೆ ಸಾಕು, ಇದರಿಂದ ಮನುಷ್ಯನಿಗೇನು ಲಾಭ ಎಂಬ ಪ್ರಶ್ನೆ ಮೊದಲು ಬರುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ಸಾಕುಪ್ರಾಣಿಗಳ ಕ್ಯಾನ್ಸರ್ ಅಧ್ಯಯನಕ್ಕೆಂದೇ ಕಾರ್ಯಕ್ರಮ ಆರಂಭಿಸಿದ ಮೇಲಂತೂ ನಾಯಿಯನ್ನು ಮನುಷ್ಯನ ಔಷಧಕ್ಕೆ ಮೆಟ್ಟಿಲೆಂದು ನೋಡುವ ರೂಢಿ ಬಲವಾಯಿತು. ಆದರೆ ನಮ್ಮ ಮೇಜಿನ ಮೇಲೆ ಮಲಗಿರುವ ರೋಗಿ ನಾಯಿಯೇ.

ಹಳೆಯ ಕಾಲದ ಚಿಕಿತ್ಸೆಯೆಂದರೆ ಕತ್ತಿ, ಆಮೇಲೆ ಪ್ರೆಡ್ನಿಸೋಲೋನ್, ವಿನ್‌ಬ್ಲಾಸ್ಟಿನ್. 1984ರಲ್ಲಿ ಪಟ್ನಾಯಕ್ ಮತ್ತು ಸಂಗಡಿಗರು ನಾಯಿಯ ಚರ್ಮದಲ್ಲಿ ಏಳುವ ಮಾಸ್ಟ್ ಸೆಲ್ ಎಂಬ ಗಡ್ಡೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಒಂದು ನಾಯಿಯ ಗಡ್ಡೆಯನ್ನು ಇನ್ನೊಂದರದಕ್ಕೆ ಹೋಲಿಸಲು ಆಗ ಒಂದು ಅಳತೆ ಸಿಕ್ಕಿತು.

ನಿಜವಾದ ತಿರುವು ಬಂದದ್ದು ನಮ್ಮ ಕಾಲದಲ್ಲಿ. ಇಂಥ ಕೆಲವು ಗಡ್ಡೆಗಳಲ್ಲಿ ಕಿಟ್ ಎಂಬ ಜೀನ್ ಕೆಟ್ಟಿರುತ್ತದೆಂದು 1999ರಲ್ಲಿ ಗೊತ್ತಾಯಿತು. ಹತ್ತು ವರ್ಷದಲ್ಲಿ ಅದನ್ನೇ ಗುರಿಯಾಗಿಸಿದ ಟೊಸೆರಾನಿಬ್ ಗುಳಿಗೆ ಬಂತು. ಅದರ ಪ್ರಯೋಗದಲ್ಲಿ, ಮರುಕಳಿಸಿದ ಗಡ್ಡೆಯ ನಾಯಿಗಳಲ್ಲಿ ಔಷಧ ಪಡೆದ ಗುಂಪಿನ 37.2% ನಾಯಿಗಳಿಗೆ ಗುಣ ಕಂಡಿತು, ಹುಸಿಗುಳಿಗೆ ಪಡೆದ ಗುಂಪಿನಲ್ಲಿ 7.9%ಕ್ಕೆ ಮಾತ್ರ. ಹುಸಿಗುಳಿಗೆ ಪಡೆದ ನಾಯಿಗೆ ರೋಗ ಹೆಚ್ಚಿದರೆ ನಿಜವಾದ ಔಷಧ ಕೊಡುವ ಏರ್ಪಾಡೂ ಇತ್ತು. ರೋಗಿಯ ಹಿತಕ್ಕೆ ಮೊದಲ ಸ್ಥಾನ ಕೊಟ್ಟ ಆ ಯೋಜನೆಯನ್ನು ನಾನು ಇಂದಿಗೂ ಮಾದರಿಯೆನ್ನುತ್ತೇನೆ. 2009ರಲ್ಲಿ ಅಮೆರಿಕ ಆ ಗುಳಿಗೆಗೆ ಒಪ್ಪಿಗೆ ಕೊಟ್ಟಿತು. ನಾಯಿಯ ಕ್ಯಾನ್ಸರಿಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧವದು.

ಅಂಗಾಲಿನ ಹತ್ತಿರದ ಗಡ್ಡೆ ಮಾತ್ರ ಕಾಡುತ್ತಲೇ ಇತ್ತು. ಸುತ್ತ ಎರಡು-ಮೂರು ಸೆಂಟಿಮೀಟರ್ ಕತ್ತರಿಸಿ ತೆಗೆದರೆ ಹೊಲಿಯಲು ಅಲ್ಲಿ ಚರ್ಮವೇ ಉಳಿಯುವುದಿಲ್ಲ. ಕ್ವೀನ್ಸ್‌ಲ್ಯಾಂಡ್ ಮಳೆಕಾಡಿನ ಬ್ಲಶ್‌ವುಡ್ ಮರದ ಬೀಜದಿಂದ ಬಂದ ಟಿಗಿಲನಾಲ್ ಟಿಗ್ಲೇಟ್ ನೆರವಿಗೆ ಬಂದದ್ದು ಇಂಥ ಕಡೆಯೇ. ಸೂಜಿಯನ್ನು ಒಂದೇ ತೂತಿನಿಂದ ಬೀಸಣಿಗೆಯಂತೆ ತಿರುಗಿಸುತ್ತ ಗಡ್ಡೆಯೊಳಗೆ ಮದ್ದು ಹರಡುತ್ತಾರೆ. ದಿನವೊಂದು ಕಳೆಯುವುದರೊಳಗೆ ಗಡ್ಡೆ ಕಪ್ಪಾಗುತ್ತದೆ, ಆಮೇಲೆ ಕಳಚಿ ಬೀಳುತ್ತದೆ. ಉಳಿದ ಹುಣ್ಣು ನೋಡಿ ಮನೆಯವರು ಗಾಬರಿಯಾಗುವುದುಂಟು. ಮೊದಲೇ ಕೂರಿಸಿಕೊಂಡು ತಿಳಿಹೇಳಿದರೆ ಧೈರ್ಯ ತಂದುಕೊಳ್ಳುತ್ತಾರೆ. 2020ರಲ್ಲಿ ಯುರೋಪ್, ಅಮೆರಿಕ ಎರಡೂ ಕಡೆ ಇದಕ್ಕೆ ಒಪ್ಪಿಗೆ ಸಿಕ್ಕಿತು. 28 ದಿನಗಳ ಹೊತ್ತಿಗೆ ಚಿಕಿತ್ಸೆ ಪಡೆದ ನಾಯಿಗಳ 75%ರಲ್ಲಿ ಗಡ್ಡೆ ಪೂರ್ತಿ ಮಾಯವಾಗಿತ್ತು, ಮದ್ದು ಪಡೆಯದ ಗುಂಪಿನಲ್ಲಿ 5%ರಲ್ಲಿ. ಆದರೆ ಈ ಹೋಲಿಕೆ ನಡೆದದ್ದು ಮದ್ದೇ ಪಡೆಯದ ನಾಯಿಗಳ ಜೊತೆ. ಶಸ್ತ್ರಚಿಕಿತ್ಸೆಯ ಪಕ್ಕದಲ್ಲಿಟ್ಟು ನೋಡಿದ್ದಲ್ಲ.

ಇವೆಲ್ಲ ಮನೆಯಲ್ಲಿ ಸಾಕಿದ, ಹೇಳಿದ ದಿನ ಮತ್ತೆ ಕರೆತರಬಲ್ಲ ಒಡೆಯರಿರುವ ನಾಯಿಗಳ ಮೇಲಿನ ಪ್ರಯೋಗಗಳು. ನಮ್ಮ ಬೀದಿನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಕೂಡುವಾಗ ಹರಡುವ ಗಡ್ಡೆ. ಅದು ಒಮ್ಮೊಮ್ಮೆ ಮೂಗಿಗೆ, ಚರ್ಮಕ್ಕೂ ಅಂಟುತ್ತದೆ. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಕೊಟ್ಟರೆ ಬಹುಪಾಲು ವಾಸಿಯಾಗುತ್ತದೆ, ಆದರೆ ಅದೇ ನಾಯಿಯನ್ನು ನಾಲ್ಕಾರು ವಾರ ಮತ್ತೆ ಮತ್ತೆ ಹಿಡಿದು ತರಬೇಕು. ಎರಡನೇ ವಾರಕ್ಕೇ ಕೈಗೆ ಸಿಗದ ನಾಯಿಗೆ ಒಂದೇ ಸಲ ಕೊಟ್ಟು ಮುಗಿಸಬಹುದಾದ ಮದ್ದನ್ನು ಹುಡುಕುವ ಪ್ರಯೋಗಕ್ಕೆ ನಮ್ಮ ಪಶುವೈದ್ಯಕೀಯ ಕಾಲೇಜುಗಳು ಕೈಹಾಕಬೇಕು. ರೋಗಿಗಳು ಅವುಗಳ ಗೇಟಿನ ಹೊರಗೇ ಇವೆ.